ಕೊನೆಯ ಬೋಟ್ ಎಷ್ಟು ಗಂಟೆಗೆ?

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಕೊಚ್ಚಿಯಲ್ಲಿ ಇಳಿಯುವ ನಮ್ಮ ಐಟಿ ಬಳಗಕ್ಕೆ ಒಂದು ಸಿದ್ಧ ಸಿಲಬಸ್ ಇದೆ. ಮಟ್ಟಂಚೇರಿಯಲ್ಲಿ ಮಸಾಲೆ ಅಂಗಡಿ, ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಯ ಮುಂದೆ ಫೋಟೋ, ಮಧ್ಯಾಹ್ನ ಕರಿಮೀನು, ಸಂಜೆಗೆ ‘ಸ್ಮಾಲ್ ಗ್ರೂಪ್ ಸನ್‌ಸೆಟ್ ಕ್ರೂಸ್’. ಮೊದಲ ಮೂರರ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕನೆಯದರ ಬಗ್ಗೆ ಇದೆ.

ಆ ಟಿಕೆಟ್ಟಿನಲ್ಲಿ ನಾವು ಕೊಳ್ತಿರೋದು ಏನು ಅಂತ ಬಿಡಿಸಿ ನೋಡೋಣ. ಸೂರ್ಯನನ್ನ ಆಪರೇಟರ್ ತಂದಿದ್ದಲ್ಲ. ಅರಬ್ಬಿ ಸಮುದ್ರ ಅವನ ಅಪ್ಪನ ಆಸ್ತಿಯಲ್ಲ. ದಡದ ಮೇಲಿನ ಊರು, ಬಂದರು, ಚರ್ಚಿನ ಗೋಪುರ ಯಾವುದೂ ಅವನದ್ದಲ್ಲ. ಬೋಟು, ಡೀಸೆಲ್ಲು, ಹುಡುಗರ ಸಂಬಳ ಅವನ ಖರ್ಚು, ಒಪ್ಪೋಣ. ಆದರೆ ಅದೇ ನೀರಿನ ಮೇಲೆ, ಅದೇ ಹೊತ್ತಿಗೆ, ಅದೇ ಪಡುವಣಕ್ಕೆ ಮೂತಿ ಮಾಡಿಕೊಂಡು ಸರ್ಕಾರಿ ಬೋಟೂ ಹೋಗುತ್ತೆ. ಅದರ ಟಿಕೆಟ್ಟಿಗೆ ಜೇಬಿನ ಚಿಲ್ಲರೆ ಸಾಕು. ಕ್ರೂಸಿಗೆ ನೂರಾರು, ಕೆಲವು ಸಲ ಸಾವಿರಾರು. ಈ ವ್ಯತ್ಯಾಸದ ಬಹುಪಾಲು ಹೋಗೋದು ‘ಸ್ಮಾಲ್ ಗ್ರೂಪ್’ ಅನ್ನೋ ಎರಡು ಪದಗಳಿಗೆ. ಅಂದರೆ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು, ಟ್ಯೂಷನ್ ಮುಗಿಸಿ ಮನೆಗೆ ಹೊರಟ ಹುಡುಗ, ದಿನದ ಗಾರೆ ಕೆಲಸ ಮುಗಿಸಿ ತೂಕಡಿಸ್ತಿರೋ ಮೇಸ್ತ್ರಿ, ಇವರ್ಯಾರೂ ನಮ್ಮ ಫ್ರೇಮಿನೊಳಗೆ ಬರಬಾರದು ಅನ್ನೋದಕ್ಕೆ ನಾವು ಕೊಡುವ ಶುಲ್ಕ ಅದು. ಸಮುದ್ರ ಬೇಕು, ಸಮುದ್ರದ ದಡದವರು ಬೇಡ.

ಕ್ರೂಸಿನಲ್ಲಿ ತೋರಿಸುವ ಕೊಚ್ಚಿಯೂ ಅಂಥದ್ದೇ. ಮರೈನ್ ಡ್ರೈವ್ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ. ರಾಬರ್ಟ್ ಬ್ರಿಸ್ಟೋ ಅನ್ನೋ ಬ್ರಿಟಿಷ್ ಎಂಜಿನಿಯರ್ ಬಂದರಿನ ಆಳ ಹೆಚ್ಚಿಸುವಾಗ ಬಗೆದ ಹೂಳಿನಿಂದಲೇ ಕಟ್ಟಿಸಿದ ದ್ವೀಪ ಅದು. ಬಲಕ್ಕೆ ಡಚ್ಚರು 1744ರಲ್ಲಿ ಕಟ್ಟಿದ ಬೋಲ್ಗಾಟ್ಟಿ ಅರಮನೆ. ಮುಂದೆ ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ಲಿನ ದೈತ್ಯ ಕ್ರೇನುಗಳು. ಕೊನೆಗೆ ಎಡಕ್ಕೆ ಫೋರ್ಟ್ ಕೊಚ್ಚಿ, ಬಲಕ್ಕೆ ವೈಪಿನ್, ನಡುವೆ ಅಳಿವೆ, ಅದರಾಚೆ ಸೂರ್ಯ. ಹೊಂಬಣ್ಣದ ಆಕಾಶಕ್ಕೆ ಕಪ್ಪು ಕ್ರೇನುಗಳು ಫೋಟೋದಲ್ಲಿ ಬಹಳ ಚೆನ್ನಾಗಿ ಬರ್ತವೆ. ಇನ್‌ಸ್ಟಾಗ್ರಾಮಿನಲ್ಲಿ ನೀವೂ ನೋಡಿರ್ತೀರಿ.

ಆ ಕ್ರೇನುಗಳ ಹಿಂದಿನ ಕಥೆ ಮಾತ್ರ ಮೈಕಿನಲ್ಲಿ ಬರಲ್ಲ. ಟರ್ಮಿನಲ್ಲಿಗೆ ರಸ್ತೆ ಮತ್ತು ರೈಲು ಸಂಪರ್ಕ ಕೊಡೋದಕ್ಕೆ ಅಂತ ಮೂಲಂಪಿಳ್ಳಿ ಮತ್ತಿತರ ಊರುಗಳಿಂದ 316 ಕುಟುಂಬಗಳನ್ನು ಎಬ್ಬಿಸಲಾಯಿತು. 2008ರ ಫೆಬ್ರವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿ ಬಂದು ಮನೆ ಕೆಡವಿದವು. ಟರ್ಮಿನಲ್ 2011ರಲ್ಲಿ ಉದ್ಘಾಟನೆಯಾಯಿತು. ಎದ್ದುಹೋದವರು ಮಾತ್ರ ಪುನರ್ವಸತಿಗಾಗಿ ವರ್ಷಗಟ್ಟಲೆ ಧರಣಿ ಕೂತರು. ವೈಪಿನ್ ಕಥೆಯೂ ಅಷ್ಟೇ. 2004ರಲ್ಲಿ ಗೋಶ್ರೀ ಸೇತುವೆಗಳು ಬರೋವರೆಗೆ ಆ ದ್ವೀಪದ ಜನಕ್ಕೆ ಕಣ್ಣೆದುರಿಗೇ ಕಾಣುವ ಎರ್ನಾಕುಲಂ ಮುಟ್ಟಬೇಕೆಂದರೆ ಬೋಟೇ ಗತಿ. ಆಸ್ಪತ್ರೆ, ಕಾಲೇಜು, ಕೋರ್ಟು, ಕೆಲಸ ಎಲ್ಲ ಆಚೆ ದಡದಲ್ಲಿ.

ನಮ್ಮ ಕಡೆಯವರಿಗೆ ಇದು ಹೊಸ ಕಥೆ ಅಲ್ಲ. ನಾನು ಶರಾವತಿ ಹಿನ್ನೀರಿನ ಕಡೆಯವನು, ತುಮರಿ ಹತ್ತಿರದ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಕೆಲವರ ಊರು ಮುಳುಗಿತು, ಕೆಲವರ ಊರು ದ್ವೀಪದ ಹಾಗಾಯಿತು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ನಮಗೆ ಕೊಟ್ಟಿದ್ದು ಹೊಳೆಬಾಗಿಲಿನ ಲಾಂಚು. ಸಾಗರಕ್ಕೆ ಹೋಗಬೇಕೆಂದರೆ ಲಾಂಚು, ಬರಬೇಕೆಂದರೂ ಲಾಂಚು. ಹಿನ್ನೀರಿನ ಮೇಲೆ ಸೂರ್ಯ ಮುಳುಗೋದು ಕೊಚ್ಚಿಗಿಂತ ಒಂದು ತೂಕ ಹೆಚ್ಚೇ ಚೆನ್ನ, ಬೇಕಾದರೆ ಬಂದು ನೋಡಿ. ಆದರೆ ಅಲ್ಲಿ ಯಾರೂ ಅದನ್ನು ನಿಂತು ನೋಡ್ತಿರಲಿಲ್ಲ. ಸೂರ್ಯ ಕೆಳಗಿಳೀತಿದ್ದಾನೆ ಅಂದರೆ ಕೊನೆಯ ಲಾಂಚಿನ ಹೊತ್ತಾಯಿತು ಅಂತ ಅರ್ಥ. ಅದು ತಪ್ಪಿದರೆ ಒಂದೋ ಹತ್ತಾರು ಕಿಲೋಮೀಟರ್ ಸುತ್ತು, ಇಲ್ಲವೋ ನೆಂಟರ ಮನೆಯ ಜಗಲಿ. ಬಸುರಿ ಹೆಂಗಸಿಗೆ ಸಂಜೆ ನೋವು ಶುರುವಾದರೆ ಮನೆಯವರೆಲ್ಲ ಮೊದಲು ನೋಡ್ತಿದ್ದಿದ್ದು ಗಡಿಯಾರ.

ಹಾಗಾಗಿ ‘ಗೋಲ್ಡನ್ ಅವರ್’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಕಿರಿಕಿರಿ. ದೋಣಿ ನಂಬಿ ಬದುಕುವವರಿಗೆ ದಿನದಲ್ಲಿ ಅತ್ಯಂತ ಗಾಬರಿಯ ಹೊತ್ತನ್ನೇ ನಾವು ಅತ್ಯಂತ ದುಬಾರಿ ಬೆಲೆಗೆ ಮಾರ್ತಾ ಇದ್ದೀವಿ, ಕೊಳ್ತಾ ಇದ್ದೀವಿ. ಮನೆಗೆ ಹೋಗೋ ಬೋಟ್ ನಿಲ್ಲುವ ಹೊತ್ತಿಗೆ ವಿಹಾರದ ಬೋಟ್ ಹೊರಡುತ್ತೆ.

ಇಷ್ಟು ಹೇಳಿದರೆ ಆಫೀಸಿನ ಗೆಳೆಯ ಸುಮ್ಮನಿರ್ತಾನಾ? “ಮಗಾ, ವಾರವಿಡೀ ಸ್ಟ್ಯಾಂಡ್‌ಅಪ್ ಮೀಟಿಂಗು, ರಾತ್ರಿ ಕ್ಲೈಂಟ್ ಕಾಲು. ಎರಡು ದಿನ ನೆಮ್ಮದಿಯಾಗಿ ಕೂತ್ಕೊಳ್ಳೋಣ ಅಂದ್ರೆ ಅದಕ್ಕೂ ಗಿಲ್ಟಾ?” ಅಂತಾನೆ. ನೆಮ್ಮದಿ ಬೇಕು, ಖಂಡಿತ. ಗಿಲ್ಟ್ ಮಾರೋದು ನನ್ನ ಉದ್ದೇಶವಲ್ಲ. ಆದರೆ ಬೇರೆಯವರ ಮುಖ ಕಂಡರೆ ಕೆಡುವ ನೆಮ್ಮದಿ ಎಂಥದ್ದು? ನಮ್ಮ ಅಪಾರ್ಟ್‌ಮೆಂಟಿಗೆ ಗೇಟು, ಆಫೀಸಿಗೆ ಗೇಟು, ಓಡಾಡೋಕೆ ಕ್ಯಾಬು. ನೀರಿನ ಮೇಲೂ ಒಂದು ಗೇಟು ಬೇಕಾ?

“ಕ್ರೂಸಿನಿಂದ ಸ್ಥಳೀಯರಿಗೇ ಕೆಲಸ ಸಿಗುತ್ತಲ್ಲ” ಅನ್ನೋದು ಎರಡನೇ ವಾದ. ನಿಜ, ಸಿಗುತ್ತೆ. ನಾಲ್ಕು ಹುಡುಗರು ಹಗ್ಗ ಕಟ್ತಾರೆ, ಜ್ಯೂಸ್ ಹಂಚ್ತಾರೆ. ಆ ಕೆಲಸ ಹಗುರವಾಗಿ ಕಾಣೋ ಜಾಯಮಾನ ನನ್ನದಲ್ಲ. ಆದರೆ ಒಂದು ಊರಿನ ನೀರಿನಿಂದ ಆ ಊರಿಗೆ ಸಿಗಬೇಕಾದ್ದು ಇಷ್ಟೇನಾ?

ಕೊಚ್ಚಿಯೇ ಇದಕ್ಕೆ ಬೇರೆ ಉತ್ತರ ಕೊಟ್ಟಿದೆ. ಕೇರಳದ ಜಲಸಾರಿಗೆ ಇಲಾಖೆ 1968ರಿಂದ ಬೋಟ್ ಓಡಿಸ್ತಿದೆ. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಅದರಲ್ಲೇ ಹೋಗಬಹುದು. ಕಿಟಕಿಗೆ ಗಾಜಿಲ್ಲ, ಗಾಳಿ ಧಾರಾಳ. 2017ರಲ್ಲಿ ಇದೇ ಇಲಾಖೆ ವೈಕಂ–ತವಣಕ್ಕಡವು ನಡುವೆ ‘ಆದಿತ್ಯ’ ಅನ್ನೋ ಸೌರಶಕ್ತಿಯ ಬೋಟ್ ಇಳಿಸಿತು. ಒಂದು ಸಲಕ್ಕೆ 75 ಜನ. 2023ರ ಏಪ್ರಿಲ್‌ನಲ್ಲಿ ಕೊಚ್ಚಿ ವಾಟರ್ ಮೆಟ್ರೋ ಶುರುವಾಯಿತು. ಯೋಜನೆಯ ವೆಚ್ಚ ಸುಮಾರು 1,137 ಕೋಟಿ ರೂಪಾಯಿ. ಹತ್ತು ದ್ವೀಪ, 38 ನಿಲ್ದಾಣ, 78 ಬೋಟು ಅನ್ನೋದು ಲೆಕ್ಕ. ಬ್ಯಾಟರಿಯಲ್ಲಿ ಓಡುವ ಬೋಟುಗಳು, ಕಟ್ಟಿದ್ದು ಅದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡು. ಶುರುವಾದಾಗ ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ 20 ರೂಪಾಯಿ. ವೈಟ್ಟಿಲದಿಂದ ಕಾಕ್ಕನಾಡಿಗೂ ಬೋಟಿದೆ. ಕಾಕ್ಕನಾಡು ಅಂದರೆ ಇನ್‌ಫೋಪಾರ್ಕ್ ಇರೋ ಕಡೆ, ಅಂದರೆ ನಮ್ಮಂಥವರ ಆಫೀಸುಗಳಿರೋ ಜಾಗ. ಔಟರ್ ರಿಂಗ್ ರೋಡಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಮುಪ್ಪಾಗ್ತಿರೋ ನಾವು ಹೊಟ್ಟೆಕಿಚ್ಚು ಪಡಬೇಕಾದ್ದು ಇದಕ್ಕೆ.

ಇಲ್ಲೊಂದು ಗಟ್ಟಿ ಆಕ್ಷೇಪ ಇದೆ. “ಟೂರಿಸ್ಟುಗಳೆಲ್ಲ ಈ ಬೋಟಿಗೇ ನುಗ್ಗಿದರೆ ದಿನಾ ಓಡಾಡೋರಿಗೆ ಜಾಗ ಎಲ್ಲಿ? ಕ್ರೂಸಿಗೆ ಹೋಗೋದೇ ಅವರಿಗೆ ಉಪಕಾರ ಅಲ್ವಾ?” ಇದನ್ನ ತಳ್ಳಿಹಾಕೋಕಾಗಲ್ಲ. ಸಿಗಂದೂರಿಗೆ ಹೊರಟ ಕಾರುಗಳ ಸಾಲು ಹೊಳೆಬಾಗಿಲಿನಲ್ಲಿ ಏನು ಮಾಡ್ತಿತ್ತು ಅಂತ ನಮ್ಮೂರಿನವರನ್ನ ಕೇಳಿ. ಭಾನುವಾರ ಬಂತೆಂದರೆ ಹಾಲು, ಔಷಧಿ, ಮಕ್ಕಳು ಎಲ್ಲ ಸಾಲಿನಲ್ಲಿ. ಆದರೆ ಇದಕ್ಕೆ ಪರಿಹಾರ ಬೋಟು ಹೆಚ್ಚು ಮಾಡೋದು. ಕೊಚ್ಚಿಯಲ್ಲಿ ಆ 78 ಬೋಟುಗಳೂ ಇನ್ನೂ ನೀರಿಗಿಳಿದಿಲ್ಲ. ಅವು ಬರಲಿ ಅಂತ ಕೇಳುವ ದನಿ ದ್ವೀಪದವರದ್ದು ಮಾತ್ರ ಆದರೆ ಕಡತ ನಿಧಾನಕ್ಕೆ ತೆವಳುತ್ತೆ. ದುಡ್ಡಿರುವವರಿಗೆ ಖಾಸಗಿ ದಾರಿ ಸಿಕ್ಕಿದ ಕೂಡಲೇ ಸಾರ್ವಜನಿಕ ದಾರಿ ಸೊರಗೋದನ್ನ ಸರ್ಕಾರಿ ಶಾಲೆಯಲ್ಲಿ ನೋಡಿದ್ದೀವಿ, ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದ್ದೀವಿ. ಬೋಟ್ ವಿಷಯದಲ್ಲೂ ಬೇರೆ ಆಗಲ್ಲ.

ಕುಟ್ಟನಾಡಿನಲ್ಲಿ ಜಲಸಾರಿಗೆ ಇಲಾಖೆಯೇ ‘ಸೀ ಕುಟ್ಟನಾಡ್’ ಅನ್ನೋ ಎರಡು ಅಂತಸ್ತಿನ ಬೋಟ್ ಓಡಿಸಿತು. ಮೇಲಿನ ಅಟ್ಟದಲ್ಲಿ ಹೆಚ್ಚು ದರ ಕೊಟ್ಟ ಪ್ರವಾಸಿಗರು, ಕೆಳಗೆ ಮಾಮೂಲಿ ದರದಲ್ಲಿ ಊರ ಜನ. ಒಂದೇ ಎಂಜಿನ್ನು, ಒಂದೇ ದಾರಿ. ನಮ್ಮ ಮೋಜಿನ ದುಡ್ಡು ಅವರ ದಿನದ ಓಡಾಟಕ್ಕೆ ಆಸರೆ. ಮೇಲೆ ಕೆಳಗೆ ಅನ್ನೋ ಭೇದ ಅಲ್ಲೂ ಇದೆ, ಹೌದು. ಆದರೂ ಜೆಟ್ಟಿಯಲ್ಲಿ ಎಲ್ಲರೂ ಒಂದೇ ಬೋಟಿಗೆ ಕಾಯ್ತಾರೆ, ಬೋಟ್ ತಡವಾದರೆ ಎಲ್ಲರೂ ಸೇರಿ ಬೈತಾರೆ. ಆ ಒಟ್ಟಿಗೆ ಬೈಯೋದು ಇದೆಯಲ್ಲ, ಸೇವೆ ಸುಧಾರಿಸೋದು ಅದರಿಂದಲೇ.

ಇನ್ನು ಸುರಕ್ಷತೆ. ‘ಸ್ಮಾಲ್ ಗ್ರೂಪ್ ಸೇಫ್’ ಅಂತ ನಂಬಿ ಬುಕ್ ಮಾಡೋರು ಬಹಳ ಜನ. ಸ್ಮಾಲ್ ಗ್ರೂಪ್ ಅನ್ನೋದು ಜಾಹೀರಾತಿನ ಮಾತು, ಕಾನೂನಿನ ಮಾತಲ್ಲ. ಕಾನೂನು ಕೇಳೋದು ನೋಂದಣಿ, ತಪಾಸಣೆ, ವಿಮೆ, ಚಾಲಕನ ಅರ್ಹತಾ ಪತ್ರ. 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆಯಲ್ಲಿ ಇವೆಲ್ಲ ಇವೆ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಹೊತ್ತು ಮುಳುಗುವ ವೇಳೆಗೆ ಹೊರಟ ವಿಹಾರದ ಬೋಟ್ ಮಗುಚಿ 22 ಜನ ಸತ್ತರು. ಹೆಚ್ಚಿನವರು ಮಕ್ಕಳು, ಹೆಂಗಸರು. ಮೀನುಗಾರಿಕೆ ದೋಣಿಯನ್ನೇ ಟೂರಿಸ್ಟ್ ಬೋಟ್ ಮಾಡಿದ್ದರು, ಮಿತಿ ಮೀರಿ ಜನ ತುಂಬಿದ್ದರು. ಸರ್ಕಾರಿ ಬೋಟ್ ಅಂದ ಮಾತ್ರಕ್ಕೆ ಗ್ಯಾರಂಟಿ ಅಂತಲೂ ಅಲ್ಲ. 2002ರ ಜುಲೈನಲ್ಲಿ ಕುಮರಗಂ ಬಳಿ ಮುಳುಗಿ 29 ಜನ ಸತ್ತಿದ್ದು ಜಲಸಾರಿಗೆ ಇಲಾಖೆಯ ಬೋಟಿನಲ್ಲೇ. ನಮ್ಮ ಕಾರವಾರದಲ್ಲಿ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದನ್ನೂ ಮರೆಯೋ ಹಾಗಿಲ್ಲ. ಆದ್ದರಿಂದ ಯಾವ ಬೋಟೇ ಆಗಲಿ, ಎಷ್ಟು ಜನರ ಮಿತಿ ಅಂತ ಬರೆದಿದೆಯಾ ನೋಡಿ, ತಲೆ ಎಣಿಸಿ. ಲೈಫ್ ಜಾಕೆಟ್ ಮೂಲೆಯಲ್ಲಿ ತೂಗುಹಾಕಿದ್ದರೆ ಇಳಿಸಿ ಹಾಕಿಕೊಳ್ಳಿ. ‘ಇನ್ನೂ ಇಬ್ಬರೇ ಸಾರ್’ ಅಂದರೆ ಇಳಿದುಬಿಡಿ. ಫೋಟೋ ಇನ್ನೊಂದು ದಿನ ಸಿಗುತ್ತೆ.

ಇದೆಲ್ಲ ಕೇರಳದ ಮಾತಾಯಿತು, ನಮಗೇನು ಅಂತೀರಾ? ಮಂಗಳೂರಿಗೆ ಬನ್ನಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ಬಂದರಿನಿಂದ ಬೆಂಗ್ರೆಗೆ ಜನ ದೋಣಿಯಲ್ಲಿ ದಾಟುತ್ತಾರೆ. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ಮರಳಿನ ಪಟ್ಟಿಯಂಥ ಊರು ಬೆಂಗ್ರೆ. ನೇತ್ರಾವತಿ, ಗುರುಪುರ ನದಿಗಳ ಮೇಲೆ ವಾಟರ್ ಮೆಟ್ರೋ ಮಾಡುವ ಮಾತು ಕೆಲವು ವರ್ಷಗಳಿಂದ ನಡೀತಿದೆ. ಕರಾವಳಿ ಪ್ರವಾಸೋದ್ಯಮದ ಭಾಷಣದಲ್ಲಿ ಕ್ರೂಸು, ತೇಲುವ ಹೋಟೆಲ್ಲು ಎಲ್ಲ ಬಂದು ಹೋಗುತ್ತವೆ. ಇವುಗಳಲ್ಲಿ ಯಾವುದು ಮೊದಲು ನೀರಿಗಿಳಿಯಬೇಕು ಅನ್ನೋದೇ ಪ್ರಶ್ನೆ. ವೀಕೆಂಡಿಗೆ ಬೆಂಗಳೂರಿನಿಂದ ಇಳಿಯುವ ನಾವು ಕೇಳೋದು ಕ್ರೂಸ್ ಮಾತ್ರ ಆದರೆ ಕ್ರೂಸೇ ಬರುತ್ತೆ. ಬೆಂಗ್ರೆಯ ಹುಡುಗಿ ಸಂಜೆ ಕಾಲೇಜು ಮುಗಿಸಿ ಅದೇ ಹಳೇ ದೋಣಿಗೆ ಓಡ್ತಿರ್ತಾಳೆ.

ತುಮರಿಯ ಜನ ದಶಕಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂತು. ಈಗ ಅಲ್ಲಿ ಹೊತ್ತು ಮುಳುಗುವಾಗ ಯಾರೂ ಓಡಬೇಕಾಗಿಲ್ಲ. ಎಲ್ಲ ದ್ವೀಪಕ್ಕೂ ಸೇತುವೆ ಆಗಲ್ಲ, ಆಗಬೇಕಾಗಿಯೂ ಇಲ್ಲ. ಎಲ್ಲ ದ್ವೀಪಕ್ಕೂ ಒಳ್ಳೆ ಬೋಟ್ ಆಗಬೇಕು, ಕತ್ತಲಾದ ಮೇಲೂ ಓಡುವಂಥದ್ದು.

ಹಾಗಾಗಿ ಇಷ್ಟು ಮಾಡಿ. ಕೊಚ್ಚಿಗೆ ಹೋದಾಗ ಬೆಳಿಗ್ಗೆ ಆಫೀಸಿನ ಹೊತ್ತು ಬಿಟ್ಟು ಸಾರ್ವಜನಿಕ ಬೋಟಿನಲ್ಲೇ ಓಡಾಡಿ. ರಶ್ ಇದ್ದರೆ ಮುಂದಿನ ಬೋಟಿಗೆ ಕಾಯಿರಿ, ಕೆಲಸ ಮುಗಿಸಿ ಬಂದವರಿಗೆ ಸೀಟು ಬಿಡಿ. ರೇಟಿಂಗ್ ಕೊಡೋ ಚಟ ನಮಗೆ ಹೇಗೂ ಇದೆ, ಅದನ್ನ ವಾಟರ್ ಮೆಟ್ರೋಗೂ ಕೊಡಿ, ಬೋಟು ಸಾಲದು ಅಂತ ಬರೀರಿ. ಟಿಕೆಟ್ ಕೌಂಟರಿನಲ್ಲಿ ‘ಸನ್‌ಸೆಟ್ ಎಷ್ಟು ಗಂಟೆಗೆ’ ಅಂತ ಕೇಳಬೇಡಿ, ಅದು ಫೋನಿನಲ್ಲೇ ಇದೆ. ಕೊನೆಯ ಬೋಟ್ ಎಷ್ಟು ಗಂಟೆಗೆ ಅಂತ ಕೇಳಿ. ಉತ್ತರ ನಿಮ್ಮ ರಾತ್ರಿ ಊಟದ ಹೊತ್ತಿಗಿಂತ ಮುಂಚಿನದಾಗಿದ್ದರೆ, ಆ ದಡದಲ್ಲಿ ಆಗಬೇಕಾದ ಮೊದಲ ಕೆಲಸ ಯಾವುದು ಅಂತ ನಿಮಗೇ ಗೊತ್ತಾಗುತ್ತೆ.