ವೈ ಬಿಡಿಸಲು ಬಾರದಿದ್ದರೆ ನಕ್ಷೆ ಬರೆಯಲು ಆಗುವುದಿಲ್ಲವೇ?

ನಕ್ಷೆ ಬರೆಯಲು ಶಾಲೆಯಲ್ಲಿ ಕಲಿತ ರೂಢಿ ಒಂದೇ: ವೈಯನ್ನು ಒಂದು ಬದಿಗೆ ತಂದು, ಎಕ್ಸ್‌ಗೆ ಬೆಲೆ ಕೊಡುತ್ತಾ ಕೋಷ್ಟಕ ತುಂಬುವುದು. ಹಾಗಾಗಿ ವೈಯನ್ನು ಬಿಡಿಸಲಾಗದಿದ್ದರೆ ನಕ್ಷೆಯೂ ಇಲ್ಲ ಎಂದು ಹಲವರು ನಂಬುತ್ತಾರೆ. ಇದು ನಿಜವೇ?

ಫ್ರಾನ್ಸಿನ ರೆನೆ ಡೆಕಾರ್ಟ್ 1638ರಲ್ಲಿ ಒಂದು ವಕ್ರರೇಖೆಯನ್ನು ಮುಂದಿಟ್ಟು, ಅದಕ್ಕೆ ಸ್ಪರ್ಶಕ ಎಳೆಯುವಂತೆ ಫರ್ಮಾಗೆ ಸವಾಲು ಹಾಕಿದ. ಫರ್ಮಾ ಎಳೆದು ತೋರಿಸಿದ. ಆ ರೇಖೆಯ ಒಂದು ಸರಳ ರೂಪ ಹೀಗಿದೆ:

ಎಕ್ಸ್³ + ವೈ³ = 3 × ಎಕ್ಸ್ × ವೈ

ಎಕ್ಸ್ 1 ಆದಾಗ ವೈಗೆ ಸಿಗುವ ಉತ್ತರಗಳು ಮೂರು: ಸುಮಾರು 1.53, 0.35 ಮತ್ತು −1.88. ಎಕ್ಸ್‌ನ ಬೆಲೆ 0 ಮತ್ತು 1.587ರ ನಡುವೆ ಇರುವಷ್ಟೂ ಹೀಗೆ ಮೂರು. ಅದರ ಆಚೆಈಚೆ ಒಂದೇ. ಫಲನ ಎಂದರೆ ಒಂದು ಎಕ್ಸ್‌ಗೆ ಒಂದೇ ವೈ ಇರಬೇಕು. ಆದ್ದರಿಂದ ಈ ರೇಖೆ ಒಂದೇ ಫಲನವಲ್ಲ, ಹಲವು ಫಲನಗಳ ತುಂಡುಗಳು ಕೂಡಿದ್ದು.

ಘನ ಸಮೀಕರಣ ಬಿಡಿಸಲು ಕಾರ್ಡಾನೋ 1545ರಲ್ಲಿ ಪ್ರಕಟಿಸಿದ ಸೂತ್ರ ಇದೆಯಲ್ಲ? ಇದೆ. ಆದರೆ ಮೂರು ಬೇರೆಬೇರೆ ವಾಸ್ತವ ಉತ್ತರಗಳಿರುವ ಕಡೆಯಲ್ಲೇ ಅದು ಋಣ ಸಂಖ್ಯೆಯ ವರ್ಗಮೂಲವನ್ನು ಕೇಳುತ್ತದೆ. ಸೂತ್ರವನ್ನು ಹಾಗೆಯೇ ಕಂಪ್ಯೂಟರಿಗೆ ಕೊಟ್ಟರೆ ನಕ್ಷೆಯ ಆ ಭಾಗವೇ ಕಾಣೆಯಾಗಬಹುದು. ಉಳಿದ ತುಂಡನ್ನೇ ಪೂರ್ತಿ ಎಂದು ನಂಬಿದರೆ ಮೋಸ ಹೋದಂತೆ.

ಸುಲಭದ ದಾರಿ ಬೇರೆ ಇದೆ. ಮೂಲಬಿಂದುವಿನಿಂದ ಒಂದು ಸರಳರೇಖೆ ಎಳೆಯಿರಿ. ಅದರ ಇಳಿಜಾರು ‘ಟಿ’ ಇರಲಿ. ಅಂದರೆ ವೈ = ಟಿ × ಎಕ್ಸ್. ಇದನ್ನು ಸಮೀಕರಣದಲ್ಲಿ ಇಟ್ಟು ಎಕ್ಸ್²ನಿಂದ ಭಾಗಿಸಿದರೆ,

ಎಕ್ಸ್ = 3 × ಟಿ ÷ (1 + ಟಿ³)

ಈಗ ಕೋಷ್ಟಕ ತಾನಾಗಿ ತುಂಬುತ್ತದೆ. ಟಿ 1 ಆದರೆ ಬಿಂದು (1.5, 1.5), 2 ಆದರೆ (0.67, 1.33), ½ ಆದರೆ (1.33, 0.67). ಟಿಯನ್ನು ಸೊನ್ನೆಯಿಂದ ಹೆಚ್ಚಿಸುತ್ತಾ ಹೋದಂತೆ ರೇಖೆ ಮೂಲಬಿಂದುವಿನಿಂದ ಹೊರಟು, ಎಲೆಯಾಕಾರದ ಕುಣಿಕೆ ಸುತ್ತಿ, ಮತ್ತೆ ಅಲ್ಲಿಗೇ ಬರುತ್ತದೆ. ಲ್ಯಾಟಿನ್‌ನಲ್ಲಿ ಎಲೆ ಎಂಬರ್ಥದ ‘ಫೋಲಿಯಂ’ ಹೆಸರು ಅದಕ್ಕೇ. ಟಿ ಋಣವಾದಾಗ ಎರಡು ಬಾಲಗಳು ಸಿಗುತ್ತವೆ. −1ರಲ್ಲಿ ಛೇದ ಸೊನ್ನೆ, ಬಿಂದು ಇಲ್ಲ; ಅದರ ಹತ್ತಿರ ಹೋದಂತೆ ಬಾಲಗಳು ಎಕ್ಸ್ + ವೈ = −1 ಎಂಬ ಗೆರೆಗೆ ಸಮೀಪಿಸುತ್ತವೆ, ಮುಟ್ಟುವುದಿಲ್ಲ.

ಈ ಉಪಾಯ ಎಲ್ಲ ಘನ ಸಮೀಕರಣಗಳಿಗೂ ನಡೆಯದು. ಇಲ್ಲಿ ರೇಖೆ ಮೂಲಬಿಂದುವಿನಲ್ಲಿ ತನ್ನನ್ನೇ ದಾಟುವುದರಿಂದ ನಡೆಯಿತು. ಬೇರೆಡೆ ಹಾಳೆಯನ್ನು ಚೌಕಗಳಾಗಿ ಮಾಡಿ, ಪ್ರತಿ ಮೂಲೆಯಲ್ಲಿ ಎಡಬದಿಯಿಂದ ಬಲಬದಿ ಕಳೆಯಿರಿ. ಪಕ್ಕದ ಎರಡು ಮೂಲೆಗಳಲ್ಲಿ ಒಂದು ಧನ, ಇನ್ನೊಂದು ಋಣ ಬಂದರೆ ರೇಖೆ ಅವುಗಳ ನಡುವೆಯೇ ಹಾದಿದೆ. ಚೌಕ ದೊಡ್ಡದಾದರೆ ಸಣ್ಣ ಕುಣಿಕೆ ತಪ್ಪಿಹೋದೀತು. ಆದ್ದರಿಂದ ಅನುಮಾನ ಬಂದ ಕಡೆ ಚೌಕಗಳನ್ನು ಇನ್ನಷ್ಟು ಚಿಕ್ಕದು ಮಾಡಿ ನೋಡಬೇಕು.