ಆಲಮಟ್ಟಿಯ ದಂಡೆಗೆ ಕೊಲ್ಹಾರದ ಮೊಸರು ಬರಲಿ

ಸಾಲು ರಜೆ ಸಿಕ್ಕರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರು ಗೋವಾದ ದಾರಿ ಹಿಡಿಯುತ್ತಾರೆ. ಹೋಗಲಿ, ವಯಸ್ಸಿದ್ದಾಗಲೇ ಕಡಲು ನೋಡಬೇಕು. ಆದರೆ ಮಕ್ಕಳು, ಮುದುಕರನ್ನು ಕರೆದುಕೊಂಡು ಮುಂಜಾನೆ ಹೊರಟು ರಾತ್ರಿ ಮನೆ ಸೇರಬೇಕಾದ ಸಂಸಾರಕ್ಕೆ ಇರುವ ಕಡಲು ಆಲಮಟ್ಟಿ ಒಂದೇ. ಜಲಾಶಯ 519.60 ಮೀಟರ್ ಮುಟ್ಟಿ 123 ಟಿಎಂಸಿ ನೀರು ತುಂಬಿದ ದಿನ ಅಲ್ಲಿ ನಿಂತು ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಈ ಅಣೆಕಟ್ಟನ್ನು 2006ರಲ್ಲಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಊರು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ, ಮೊದಲು ಬಾಗೇವಾಡಿಯದಾಗಿತ್ತು. ರಾಕ್ ಗಾರ್ಡನ್, ಕೃಷ್ಣ ಉದ್ಯಾನ, ಸಂಗೀತ ಕಾರಂಜಿ ಎಲ್ಲ ಇವೆ. ಮಕ್ಕಳು ಬಯಲಿನ ಪ್ರಾಣಿ ಶಿಲ್ಪಗಳನ್ನು ಮುಟ್ಟಿ, ತಬ್ಬಿ ಖುಷಿಪಡುತ್ತಾರೆ. ಟಿಕೆಟ್ ಕೊಟ್ಟು ಆರ್ಟ್ ಗ್ಯಾಲರಿಗೆ ಎಂದೂ ಕಾಲಿಡದ ರೈತ ಕುಟುಂಬಗಳಿಗೆ ಕಲೆ ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ.

ನನ್ನ ತಕರಾರು ಊಟದಿಂದ ಶುರುವಾಗುತ್ತದೆ. ಬುತ್ತಿ ಕಟ್ಟಿಕೊಂಡು ಬಂದವರು ಪುಣ್ಯವಂತರು. ಹುಲ್ಲಿನ ಮೇಲೆ ಸಾಲಾಗಿ ಕೂತು ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಬಿಚ್ಚುತ್ತಾರೆ. ಬುತ್ತಿ ಇಲ್ಲದವರು ಯಾವ ಊರಲ್ಲಾದರೂ ಸಿಗುವ ಗೋಬಿ ಮಂಚೂರಿ, ಚಿಪ್ಸ್ ಪೊಟ್ಟಣ, ತಂಪು ಪಾನೀಯದ ಬಾಟಲಿಗಳಿಗೆ ಕೈಚಾಚುತ್ತಾರೆ. ಇದೇ ಹಿನ್ನೀರಿನ ದಂಡೆಯ ಕೊಲ್ಹಾರವನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಳೆಯ ಕೊಲ್ಹಾರ ನೀರಿಗೆ ಹೋಯಿತು, ಜನ ಹೊಸ ಜಾಗದಲ್ಲಿ ಮನೆ ಕಟ್ಟಿಕೊಂಡರು. ಮೊಸರಿನ ಹೆಸರು ಮಾತ್ರ ಮುಳುಗಲಿಲ್ಲ. ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರದು. ‘ಯಣ್ಣಾ, ಮಸರ ತಗೋರಿ’ ಎಂದು ಬಸ್ಸಿನ ಕಿಟಕಿಗೆ ಕುಡಿಕೆ ಎತ್ತಿ ಹಿಡಿಯುವ ಹೆಣ್ಣುಮಕ್ಕಳಿಂದ ಎಷ್ಟೋ ಮನೆಗಳು ನಡೆದಿವೆ, ಕುಂಬಾರರ ತಿಗರಿಯೂ ತಿರುಗಿದೆ. ಅವರಿಗೆ ಆಲಮಟ್ಟಿಯ ಬಾಗಿಲಲ್ಲಿ ನೆರಳು, ನೀರು, ಬಾಡಿಗೆಯಿಲ್ಲದ ನಾಲ್ಕಾರು ಕಟ್ಟೆ ಕೊಡಲಿ. ಪಕ್ಕದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಖಾನಾವಳಿಗಳು ನಡೆಯಲಿ.

ಕುಡಿಯಲು ಇಂಡಿಯ ಲಿಂಬೆ ಇದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಆಲಮಟ್ಟಿಯಿಂದ ನಾರಾಯಣಪುರಕ್ಕೆ ಇಳಿದ ಕೃಷ್ಣೆ, ಕಾಲುವೆ ಹಿಡಿದು ಸಿಂದಗಿ, ಇಂಡಿಯ ಹೊಲಗಳತ್ತ ಹೋಗುತ್ತಾಳೆ. ಆ ಸೀಮೆಯ ಲಿಂಬೆ ಹಣ್ಣಿನ ಶರಬತ್ತು ಈ ದಂಡೆಯಲ್ಲೇ ಸಿಗದಿದ್ದರೆ ಮಾನ್ಯತೆ ಕಾಗದದಲ್ಲೇ ಉಳಿಯುತ್ತದೆ, ರೈತನಿಗೆ ಸಂತೆಯ ದರವೇ ಗತಿ. ಇನ್ನು ಹಿನ್ನೀರಿನ ಬದಿ ಕತ್ತಲಲ್ಲಿ ಕುಡಿದು ಬಾಟಲಿ ಒಡೆದು ಹೋಗುವವರ ಬಗ್ಗೆ ಹೇಳುವುದು ಒಂದೇ: ಆ ಗಾಜು ಮರುದಿನ ಚುಚ್ಚುವುದು ಬರಿಗಾಲಲ್ಲಿ ಬಲೆ ಎಳೆಯುವವನಿಗೆ, ನೀರಿಗಿಳಿಯುವ ಎಮ್ಮೆಗೆ. ಪೊಲೀಸರು ಮುಲಾಜು ನೋಡಬಾರದು.

ಕಲೆಯ ವಿಷಯಕ್ಕೆ ಬರೋಣ. ಚಂಡೀಗಢದ ಪ್ರಸಿದ್ಧ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕ. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಹೊತ್ತು ತಂದು ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ದುಡಿದ. ಅದು ಜನರಿಗೆ ತೆರೆದದ್ದು 1976ರಲ್ಲಿ. ನಮ್ಮಲ್ಲೂ ಟಿ.ಬಿ. ಸೊಲಬಕ್ಕನವರ ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳನ್ನೇ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದರು. ಆಲಮಟ್ಟಿಯ ಅಂಗಳಕ್ಕೆ ಇಂಥದೊಂದು ಭಾಗ ಬೇಕು. ಹುಲಿ, ಆನೆ ಇರಲಿ. ಜೊತೆಗೆ ಈ ನೀರಿಗಾಗಿ ಹೊಲ ಮನೆ ಬಿಟ್ಟೆದ್ದವರೂ ಇರಬೇಕು. ಚಕ್ಕಡಿಯಲ್ಲಿ ಹಾಸಿಗೆ, ಹಗೇವಿನ ಜೋಳ, ದೇವರ ಜಗಲಿಯ ಕಲ್ಲು ಹೇರಿಕೊಂಡು ಹೊರಟ ಒಂದು ಸಂಸಾರ, ಮುಳುಗಿದ ಊರುಗಳ ಹೆಸರು ಕೆತ್ತಿದ ಒಂದು ಗೋಡೆ. ಪುನರ್ವಸತಿ ಕೇಂದ್ರದಲ್ಲಿ ಹುಟ್ಟಿದ ಮಗು ತನ್ನ ಅಜ್ಜನ ಊರನ್ನು ಅಲ್ಲಿ ಬೆರಳಿಟ್ಟು ಓದಲಿ.

ಇದು ನಿಧಾನವಾಗಿ ಆದೀತು ಎಂದು ಬಿಡುವ ಕೆಲಸವಲ್ಲ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸುಮಾರು 75 ಸಾವಿರ ಎಕರೆ ಮುಳುಗಡೆಯಾಗಬೇಕು. ಅದಕ್ಕೆ ಪರಿಹಾರದ ದರವನ್ನು ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಮುಂದಿನ ಊರುಗಳ ಗೋಡೆಗಳು ಇನ್ನೂ ನಿಂತಿವೆ. ಕೃಷ್ಣಾ ಭಾಗ್ಯ ಜಲ ನಿಗಮ ಈಗಲೇ ಕಲಾವಿದರನ್ನು ಆ ಊರುಗಳಿಗೆ ಕಳಿಸಲಿ. ಬುಲ್ಡೋಜರ್ ಬರುವ ಮೊದಲು ಬೀಸುಕಲ್ಲು, ಒರಳು, ಕೆತ್ತನೆಯ ಬಾಗಿಲುಗಳನ್ನು ಮನೆಯವರ ಒಪ್ಪಿಗೆ ಪಡೆದು, ಬೆಲೆ ಕೊಟ್ಟು, ಯಾವ ಊರಿನ ಯಾವ ಓಣಿಯದು ಎಂದು ಬರೆದುಕೊಂಡು ತರಲಿ.