ಹಡಗುಕಟ್ಟೆಯ ಪಂಕ್ತಿಭೇದ

ವಿಹಾರಕ್ಕಾಗಿಯೇ ಸಮುದ್ರಯಾನ ಮಾಡುವ ಪದ್ಧತಿಯು ಅಮೆರಿಕದಲ್ಲಿ ಈಗ ಸಾಮಾನ್ಯ ಸಂಸಾರಿಗಳ ಮನೆಬಾಗಿಲವರೆಗೆ ಬಂದಿರುವುದು. ಮಯಾಮಿ, ಪೋರ್ಟ್ ಕೆನವೆರಲ್, ಗ್ಯಾಲ್ವೆಸ್ಟನ್ ಮುಂತಾದ ರೇವುಗಳಿಂದ ವಾರವಾರವೂ ಹೊರಡುವ ಹಡಗುಗಳು ಒಂದೊಂದೂ ಒಂದು ಸಣ್ಣ ಪಟ್ಟಣಕ್ಕೆ ಸಮಾನವಾದುವು. 2024ರ ಜನವರಿಯಲ್ಲಿ ಸಂಚಾರವನ್ನಾರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ನೌಕೆಯಲ್ಲಿ, ಕೊಠಡಿಗೆ ಇಬ್ಬರಂತೆ ಎಣಿಸಿದರೂ, 5,610 ಮಂದಿಗೆ ಸ್ಥಳವುಂಟು. ಮುಂಜಾನೆ ರೇವಿಗೆ ಬಂದ ಹಡಗು ಹಳೆಯ ಯಾತ್ರಿಕರನ್ನೆಲ್ಲ ಇಳಿಸಿ, ಹೊಸಬರನ್ನು ಹತ್ತಿಸಿಕೊಂಡು, ಅದೇ ದಿನ ಸಾಯಂಕಾಲದೊಳಗೆ ಲಂಗರೆತ್ತಬೇಕು. ಹಿಂದಿನ ಯಾನದವರಲ್ಲಿ ಕಟ್ಟಕಡೆಯವನು ಇಳಿದು ಲೆಕ್ಕಕ್ಕೆ ಸಿಕ್ಕುವವರೆಗೆ ಹೊಸಬರಲ್ಲಿ ಮೊದಲನೆಯವನೂ ಒಳಗೆ ಕಾಲಿಡುವಂತಿಲ್ಲ. ಹೀಗಿರಲು ಕಟ್ಟೆಯಮೇಲೆ ಸಾಲು ಬೆಳೆಯುವುದು ಸಹಜವೇ ಆಗಿದೆ. ಆ ಸಾಲಿನಲ್ಲಿ ಈಗ ಒಂದು ಹೊಸ ಧರ್ಮಸಂಕಟವು ತಲೆದೋರಿರುವುದು.

ಕಂಪೆನಿಗಳವರು ತಮ್ಮಲ್ಲಿ ಪುನಃ ಪುನಃ ಪ್ರಯಾಣ ಮಾಡಿದವರಿಗೆ ಪದವಿಗಳನ್ನು ಕೊಡುತ್ತಾರೆ. ರಾಯಲ್ ಕೆರಿಬಿಯನ್ ಕಂಪೆನಿಯ ‘ಕ್ರೌನ್ ಅಂಡ್ ಆಂಕರ್ ಸೊಸೈಟಿ’ಯಲ್ಲಿ ಹಡಗಿನಲ್ಲಿ ಕಳೆದ ರಾತ್ರಿಯೊಂದಕ್ಕೆ ಒಂದು ಅಂಕ, ‘ಸೂಟ್’ ಎಂಬ ದೊಡ್ಡ ಬಿಡಾರವನ್ನು ಹಿಡಿದವರಿಗೆ ಎರಡು. ಮೂವತ್ತು ಅಂಕಗಳಾದರೆ ಪ್ಲಾಟಿನಂ, ಐವತ್ತೈದಕ್ಕೆ ಎಮರಾಲ್ಡ್, ಎಂಬತ್ತಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ಏಳುನೂರು ರಾತ್ರಿಗಳೆಂದರೆ ಹತ್ತಿರ ಹತ್ತಿರ ಎರಡು ಸಂವತ್ಸರ. ಪಾಂಡವರ ವನವಾಸಕ್ಕೆ ಹೋಲಿಸಿದರೆ ಅಲ್ಪವೇ ಸರಿ, ಭೋಜನವೂ ಅದಕ್ಕಿಂತ ಚೆನ್ನಾಗಿಯೇ ಇರುವುದು. ಇಂಥ ಪದವೀಧರರಿಗೆ ಸಲ್ಲುವ ಗೌರವಗಳಲ್ಲಿ ಮೊದಲು ಕಣ್ಣಿಗೆ ಬೀಳತಕ್ಕದ್ದು, ಕಟ್ಟೆಯಮೇಲೆ ಪ್ರತ್ಯೇಕವಾದ ಸಾಲು. ಹಗ್ಗದ ಆಚೆ ಸಾಮಾನ್ಯರು, ಈಚೆ ಅಗ್ರಪ್ರವೇಶದವರು.

ಸಂಕಟವೇನೆಂದರೆ, ಪದವಿಯುಳ್ಳವನು ಒಬ್ಬನೇ ಪ್ರಯಾಣ ಮಾಡುವುದು ಅಪೂರ್ವ. ಹ್ಯೂಸ್ಟನ್ನಿನಲ್ಲಿ ಉದ್ಯೋಗದಲ್ಲಿರುವ ಕನ್ನಡಿಗನೊಬ್ಬನು, ಊರಿನಿಂದ ಬಂದ ತಂದೆತಾಯಿಗಳನ್ನೂ, ಬೀಗರನ್ನೂ, ಪಕ್ಕದ ಬೀದಿಯ ಸ್ನೇಹಿತನ ಸಂಸಾರವನ್ನೂ ಕೂಡಿಸಿಕೊಂಡು ಗ್ಯಾಲ್ವೆಸ್ಟನ್ ರೇವಿಗೆ ಬಂದನೆಂದು ಭಾವಿಸಬಹುದು. ಕೊಠಡಿಗಳು ನಾಲ್ಕು, ಡೈಮಂಡ್ ಪದವಿ ಅವನೊಬ್ಬನದು. ಸ್ವಂತ ಕೊಠಡಿಯವರ ವಿಷಯದಲ್ಲಿ ತಕರಾರಿಲ್ಲ. ಒಂದೇ ಮನೆಯಲ್ಲಿ ವಾಸಿಸುವ ಪತಿಪತ್ನಿಯರು ಹೆಚ್ಚಿನ ದರ್ಜೆಯನ್ನು ಹಂಚಿಕೊಳ್ಳಲು ಮೇಲೆ ಹೇಳಿದ ಸೊಸೈಟಿಯಲ್ಲಿಯೇ ಅವಕಾಶವುಂಟು; ಚಿಕ್ಕ ಮಕ್ಕಳು ತಂದೆತಾಯಿಗಳ ದರ್ಜೆಯನ್ನೇ ಪಡೆಯುವರು. ಕೆಲವು ಕಂಪೆನಿಗಳು ಒಂದೇ ಕೊಠಡಿಯಲ್ಲಿ ಇರತಕ್ಕವರನ್ನೆಲ್ಲ ಒಟ್ಟಿಗೆ ಬಿಡುತ್ತವೆ. ನಿಯಮವೇ ಜಾಗ ಮಾಡಿಕೊಟ್ಟಿರುವಲ್ಲಿ ಚರ್ಚೆಯು ವ್ಯರ್ಥ. ಚರ್ಚೆಯು ಹುಟ್ಟುವುದು ಉಳಿದ ಮೂರು ಕೊಠಡಿಗಳವರ ವಿಷಯದಲ್ಲಿ. ಅವರನ್ನೂ ತನ್ನ ಬೆನ್ನಹಿಂದೆ ಕಟ್ಟಿಕೊಂಡು, “ಇವರೆಲ್ಲ ನನ್ನವರು” ಎಂದು ಹಗ್ಗದ ಬಳಿಯ ನೌಕರನಿಗೆ ಹೇಳಿ, ಮುಂದಿನ ಸಾಲಿನಲ್ಲಿ ನುಗ್ಗುವುದು ಯುಕ್ತವೇ?

ಯುಕ್ತವೆನ್ನುವವರ ವಾದವು ಕೇಳುವುದಕ್ಕೆ ಇಂಪಾಗಿಯೇ ಇದೆ. ಪಡೆದುದನ್ನು ಹಂಚಿಕೊಂಡು ಅನುಭವಿಸುವುದು ಸಜ್ಜನರ ಲಕ್ಷಣವಲ್ಲವೆ? ಒಬ್ಬನೇ ಉಣ್ಣುವವನು ಪಾಪವನ್ನೇ ಉಣ್ಣುವನೆಂದು ಹಿರಿಯರು ಹೇಳಲಿಲ್ಲವೆ? ವೃದ್ಧೆಯಾದ ತಾಯಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಮಗನು ಮುಂದೆ ಹೋಗಬೇಕೆ? ಎಂಟು ಮಂದಿ ಹೆಚ್ಚಾಗಿ ಹೋದರೆ ಯಾರ ಗಂಟು ಹೋಯಿತು?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡತಕ್ಕದ್ದು. ಹಿಂದೆ ನಿಂತವರ ಗಂಟು ಹೋಯಿತು. ದಾನವೆಂದರೆ ತನಗೆ ಸ್ವತ್ವವಿರುವ ವಸ್ತುವಿನಲ್ಲಿ ಆ ಸ್ವತ್ವವನ್ನು ಬಿಟ್ಟು ಪರರಿಗೆ ಉಂಟುಮಾಡುವುದೆಂದು ಧರ್ಮಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಪದವೀಧರನಿಗೆ ಹಡಗಿನಲ್ಲಿ ಪುಕ್ಕಟೆಯಾಗಿ ಸಿಕ್ಕುವ ಪಾನೀಯದ ಚೀಟಿಯೊಂದಿದ್ದರೆ, ತಾನು ಕುಡಿಯದೆ ಬೀಗರಿಗೆ ಕುಡಿಸಿದಾಗ ಅದನ್ನು ದಾನವೆಂದರೆ ಸ್ವಲ್ಪವಾದರೂ ಅರ್ಥವುಂಟು. ಚೀಟಿ ಅವನದು, ನಷ್ಟವೂ ಅವನದು. ಆದರೆ ಸಾಲಿನಲ್ಲಿ ಎಂಟು ಮಂದಿಯನ್ನು ಮುಂದಕ್ಕೆ ಹಾಕಿದಾಗ ಅವನ ಸ್ವತ್ತಿನಲ್ಲಿ ಏನು ಕಡಿಮೆಯಾಯಿತು? ಅವನು ಮೊದಲೂ ಮುಂದೆಯೇ ಇದ್ದನು, ಈಗಲೂ ಮುಂದೆಯೇ ಇರುವನು. ಕಡಿಮೆಯಾದುದು, ಅವನಂತೆಯೇ ರಾತ್ರಿಗಳನ್ನು ಎಣಿಸಿ ಪದವಿಯನ್ನು ಪಡೆದು ಅವನ ಹಿಂದೆ ನಿಂತಿರುವವನ ಹೊತ್ತು. ಮತ್ತು ಹಗ್ಗದ ಆಚೆ ಕೈಗೂಸನ್ನೆತ್ತಿಕೊಂಡು ನಿಂತ ಅಪರಿಚಿತಳ ಹೊತ್ತು. ಪರರ ಕಣಜದಿಂದ ಭತ್ತವನ್ನು ಅಳೆದು ತನ್ನ ಹೆಸರಿನಲ್ಲಿ ಅನ್ನಸತ್ರವನ್ನಿಡುವುದನ್ನು ಯಾವ ಊರಿನವರೂ ಔದಾರ್ಯವೆಂದು ಕರೆಯುವುದಿಲ್ಲ. ಒಬ್ಬನು ಮಾಡಿದರೆ ಎಂಟು ಮಂದಿ. ಪದವೀಧರರೆಲ್ಲರೂ ಇದೇ ಔದಾರ್ಯವನ್ನು ಮೆರೆದರೆ ಅಗ್ರಸಾಲು ಸಾಮಾನ್ಯ ಸಾಲಿಗಿಂತ ಉದ್ದವಾಗುವುದು, ಯಾರ ಪದವಿಯೂ ಯಾರಿಗೂ ಉಪಯೋಗಕ್ಕೆ ಬಾರದು.

ಹಗ್ಗದ ಬಳಿ ನಿಂತಿರುವ ನೌಕರನ ಪಾಡನ್ನು ಈ ಉದಾರಿಗಳು ಎಂದಾದರೂ ಯೋಚಿಸಿರುವರೋ ಇಲ್ಲವೋ ತಿಳಿಯದು. ಅವನು ದಿನಗೂಲಿಯ ಜಯವಿಜಯ. ಬಿಟ್ಟರೆ ಮೇಲಿನವರ ಬೈಗಳು, ತಡೆದರೆ ಪದವೀಧರನ ದೂರುಪತ್ರ. ಸನಕಾದಿಗಳನ್ನು ತಡೆದ ದ್ವಾರಪಾಲಕರಿಗೆ ಮೂರು ಜನ್ಮಗಳಲ್ಲಿ ಶಾಪ ತೀರಿತು. ಇವನಿಗೆ ಪ್ರತಿ ಶನಿವಾರವೂ ಶಾಪವೇ. ನಗುನಗುತ್ತ ಬೇಡಿದರೂ ಅಂಥವನನ್ನು ದಾಕ್ಷಿಣ್ಯಕ್ಕೆ ಸಿಕ್ಕಿಸುವುದು ಬಲಾತ್ಕಾರವೇ.

ಜೊತೆಗಾರರಿಗಾದರೂ ಇದರಿಂದ ಗೌರವವೇ? ತ್ರಿಶಂಕುವಿನ ಕಥೆಯು ಎಲ್ಲರಿಗೂ ತಿಳಿದದ್ದು. ತನ್ನದಲ್ಲದ ತಪಸ್ಸಿನ ಬಲದಿಂದ ಸ್ವರ್ಗಕ್ಕೆ ಏರಿದವನು ಬಾಗಿಲಲ್ಲಿಯೇ ತಡೆಯಲ್ಪಟ್ಟು ತಲೆಕೆಳಗಾಗಿ ನಿಂತನು. ಹಡಗುಕಟ್ಟೆಯಲ್ಲಿಯೂ ಹಾಗೆಯೇ ನಡೆಯಬಹುದು. ಡೈಮಂಡಿನವನ ಚೀಟಿಯಲ್ಲಿ ಒಂದು ಗುರುತು, ಬೀಗರ ಚೀಟಿಯಲ್ಲಿ ಇನ್ನೊಂದು. ಮೊದಲನೆಯ ಹಗ್ಗವನ್ನು ದಾಟಿದವರು ಮೇಜಿನ ಬಳಿ ಸಿಕ್ಕಿಬೀಳುತ್ತಾರೆ. “ನೀವು ಆ ಕಡೆ ಹೋಗಿ” ಎಂಬ ಮಾತನ್ನು ನೂರು ಜನರೆದುರಿಗೆ, ಅರ್ಧ ತಿಳಿಯುವ ಭಾಷೆಯಲ್ಲಿ ಕೇಳಿ, ಪೆಟ್ಟಿಗೆಗಳನ್ನು ಎಳೆದುಕೊಂಡು ಹಿಂದಿನ ಸಾಲಿನ ತುದಿಗೆ ನಡೆಯುತ್ತಾರೆ. ಮೇಷ್ಟರಾಗಿಯೋ ಅಮಲ್ದಾರರಾಗಿಯೋ ತಲೆಯೆತ್ತಿ ಬದುಕಿ ನಿವೃತ್ತರಾದ ಬೀಗರಿಗೆ ಇದಕ್ಕಿಂತ ಹೆಚ್ಚಿನ ಅವಮಾನವನ್ನು ಸಾಮಾನ್ಯ ಸಾಲು ಎಂದೂ ಮಾಡುತ್ತಿರಲಿಲ್ಲ.

ಇಷ್ಟರಿಂದಲೇ, ಪದವೀಧರನು ಬೀಗರನ್ನೂ ತಾಯಿಯನ್ನೂ ಹಿಂದೆ ಬಿಟ್ಟು ಒಬ್ಬನೇ ಮುಂದೆ ಹೋಗಿ ಹಡಗಿನಲ್ಲಿ ಊಟಕ್ಕೆ ಕುಳಿತುಕೊಳ್ಳಲಿ ಎಂಬುದು ಅಭಿಪ್ರಾಯವೆಂದು ತಿಳಿಯತಕ್ಕದ್ದಲ್ಲ. ಅದು ನಿಯಮಕ್ಕೆ ವಿರುದ್ಧವಲ್ಲ. ಅಷ್ಟೇ ಅದರ ಪ್ರಶಂಸೆ. ಈ ವಿವಾದದಲ್ಲಿ ಎರಡು ಪಕ್ಷದವರೂ ಮರೆತಿರುವ ಮೂರನೆಯ ದಾರಿಯೊಂದುಂಟು. ಜೊತೆಗಾರರನ್ನು ತನ್ನ ಸಾಲಿಗೆ ಎಳೆಯುವ ಅಧಿಕಾರವು ಅವನಿಗಿಲ್ಲದಿರಬಹುದು, ಅವರ ಸಾಲಿಗೆ ತಾನು ಹೋಗಿ ನಿಲ್ಲುವುದನ್ನು ತಡೆಯುವ ನಿಯಮವು ಯಾವ ಕಂಪೆನಿಯಲ್ಲಿದೆ?

ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಡದೆ ಸ್ವರ್ಗದ ಬಾಗಿಲವರೆಗೆ ಕರೆತಂದ ಧರ್ಮರಾಯನನ್ನು ಹಂಚಿಕೊಳ್ಳುವ ವಾದಿಗಳು ದೃಷ್ಟಾಂತವಾಗಿ ಎತ್ತುವುದುಂಟು. ಅವರು ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಧರ್ಮರಾಯನು ನಾಯಿಯನ್ನು ಉತ್ತರೀಯದಲ್ಲಿ ಮುಚ್ಚಿಕೊಂಡು ರಥವನ್ನೇರಲಿಲ್ಲ. ಇಂದ್ರನೆದುರಿಗೆ ನಿಂತು, ಇದಕ್ಕಿಲ್ಲದಿದ್ದರೆ ತನಗೂ ಬೇಡವೆಂದನು. ಬಿಡಲು ಸಿದ್ಧನಾದುದು ತನ್ನ ಸ್ವರ್ಗವನ್ನು. ಮುಂದೆ, ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡು, ತಮ್ಮಂದಿರೆಲ್ಲಿ ಎಂದು ಕೇಳಿ, ನರಕದ ಕತ್ತಲೆಯಲ್ಲಿ ಅವರ ದನಿಯನ್ನು ಕೇಳಿದಾಗ, ಅವರನ್ನು ಮೇಲಕ್ಕೆ ಬಿಡಬೇಕೆಂದು ದೇವದೂತನ ಹತ್ತಿರ ವಶೀಲಿ ಹಚ್ಚಲಿಲ್ಲ. ತಾನು ಇಲ್ಲಿಯೇ ಇರುವೆನೆಂದು ಹೇಳಿ ದೂತನನ್ನು ಹಿಂದಕ್ಕೆ ಕಳುಹಿಸಿದನು.

ಸಮುದ್ರದ ಕಥೆಯೇ ಬೇಕಾದರೆ ಅದೂ ಉಂಟು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗುತ್ತಿದ್ದಾಗ, ನ್ಯೂಯಾರ್ಕಿನ ಪ್ರಸಿದ್ಧ ವರ್ತಕನಾದ ಇಸಿಡರ್ ಸ್ಟ್ರೌಸ್ ಎಂಬವನಿಗೆ, ವಯೋವೃದ್ಧನೆಂಬ ಕಾರಣದಿಂದ, ಪ್ರಾಣರಕ್ಷಣೆಯ ದೋಣಿಯಲ್ಲಿ ಸ್ಥಳ ಕೊಡಲು ಸುತ್ತಲಿನವರು ಮುಂದಾದರೆಂದು ಬದುಕಿ ಬಂದವರು ಹೇಳಿದ್ದಾರೆ. ಬೇರೆ ಗಂಡಸರಿಗಿಂತ ಮುಂಚಿತವಾಗಿ ಹೋಗುವುದಿಲ್ಲವೆಂದು ಅವನು ನಿರಾಕರಿಸಿದನು. ಅವನ ಪತ್ನಿ ಈಡಾಳಿಗೆ ದೋಣಿಯಲ್ಲಿ ಸ್ಥಳವು ನ್ಯಾಯವಾಗಿಯೇ ಇದ್ದಿತು. ಅವಳು ಅದನ್ನು ಬಿಟ್ಟು ಗಂಡನ ಪಕ್ಕದಲ್ಲಿಯೇ ಉಳಿದಳು. ಇಬ್ಬರೂ ಮರಳಲಿಲ್ಲ. ಪ್ರಾಣಕ್ಕೂ ಅರ್ಧ ಗಂಟೆಯ ಸರದಿಗೂ ಹೋಲಿಕೆಯೆಲ್ಲಿಯದು ಎಂದು ಕೇಳಬಹುದು. ಹೋಲಿಕೆಯಿಲ್ಲವೆಂಬುದೇ ಇಲ್ಲಿ ಬೇಕಾದುದು. ಪ್ರಾಣದ ಸರದಿಯಲ್ಲಿ ಆ ವೃದ್ಧ ದಂಪತಿಗಳಿಂದ ಸಾಧ್ಯವಾದುದು, ಅರ್ಧ ಗಂಟೆಯ ಸರದಿಯಲ್ಲಿ ದೃಢಕಾಯನಾದ ಗೃಹಸ್ಥನಿಂದ ಏಕೆ ಸಾಧ್ಯವಾಗಬಾರದು?

ನಷ್ಟವಾದರೂ ಎಷ್ಟು? ಬೇಗ ಹತ್ತಿದವನಿಗೂ ಸಾಮಾನ್ಯವಾಗಿ ಮಧ್ಯಾಹ್ನದವರೆಗೆ ಕೊಠಡಿ ಸಿದ್ಧವಾಗಿರುವುದಿಲ್ಲ. ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಅಟ್ಟದಿಂದ ಅಟ್ಟಕ್ಕೆ ತಿರುಗಬೇಕು. ಎಲ್ಲರನ್ನೂ ಹೊತ್ತ ಮೇಲಲ್ಲದೆ ಹಡಗು ಹೊರಡುವುದಿಲ್ಲ. ಮೊದಲು ಹತ್ತಿದವನು ಕರೀಬಿಯನ್ ಸಮುದ್ರವನ್ನು ಮೊದಲು ಸೇರುವುದೂ ಇಲ್ಲ.

ಪದವಿಯೇನು ವಿದ್ಯೆಯಿಂದಲೋ ಶೌರ್ಯದಿಂದಲೋ ಬಂದುದೆ? ಹಿಂದಿನ ಕಾಲದ ಹಡಗುಗಳಲ್ಲಿ ಹಣವು ಮುಸುಕಿಲ್ಲದೆ ಮಾತನಾಡುತ್ತಿತ್ತು. 1892ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆಗಾರರ ತಪಾಸಣೆ ಆರಂಭವಾದ ಮೇಲೆ, ಮೊದಲನೆಯ ಮತ್ತು ಎರಡನೆಯ ತರಗತಿಯವರನ್ನು ಹಡಗಿನಲ್ಲಿಯೇ ಮೇಲುಮೇಲೆ ನೋಡಿ ಬಿಟ್ಟುಬಿಡುತ್ತಿದ್ದರು; ತಳದ ತರಗತಿಯ ಬಡವರು ಮಾತ್ರ ದ್ವೀಪಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಈಗ ಅದೇ ಹಣವು ‘ನಿಷ್ಠೆ’ ಎಂಬ ಹೆಸರಿಟ್ಟುಕೊಂಡು ಬರುತ್ತಿದೆ. ಆ ಮುಸುಕೂ ಜಾರತೊಡಗಿರುವುದು. ಕಾರ್ನಿವಲ್ ಕಂಪೆನಿಯವರು, ಪ್ರಯಾಣದ ದಿನಗಳನ್ನೆಣಿಸಿ ದರ್ಜೆ ಕೊಡುವ ಕ್ರಮವನ್ನು ಬಿಟ್ಟು, 2026ರ ಜೂನಿನಿಂದ ಯಾತ್ರಿಕನು ವೆಚ್ಚಮಾಡುವ ಹಣವನ್ನೇ ಆಧಾರವಾಗಿಟ್ಟುಕೊಳ್ಳುವುದಾಗಿ 2025ರಲ್ಲಿ ಪ್ರಕಟಿಸಿದರು. ಅಂಥ ಪದವಿಯ ಚೀಟಿಯನ್ನು ತಂದೆಯ ಮುಂದೆ ಹಿಡಿದು, “ನನ್ನಿಂದ ನಿಮಗೆ ಮುಂದಿನ ಸಾಲು ಸಿಕ್ಕಿತು” ಎಂದು ಹೇಳಿಕೊಳ್ಳುವ ಮಗನ ಉತ್ಸಾಹದಲ್ಲಿ ಪಿತೃಭಕ್ತಿಯೆಷ್ಟು, ಪದವಿಯ ಪ್ರದರ್ಶನವೆಷ್ಟು ಎಂಬುದನ್ನು ಅವನೇ ಅಳೆದು ನೋಡಿಕೊಳ್ಳತಕ್ಕದ್ದು.

ಇದೆಲ್ಲ ಮ್ಲೇಚ್ಛದೇಶದ ವ್ಯಾಪಾರವೆಂದು ನಗುವ ವಾಚಕರು ತಿರುಮಲೆಯ ಬೆಟ್ಟವನ್ನು ನೆನೆಯುವುದು ಒಳ್ಳೆಯದು. ಅಲ್ಲಿ ಮುನ್ನೂರು ರೂಪಾಯಿಯ ಶೀಘ್ರದರ್ಶನದ ಚೀಟಿಯುಂಟು. ಪಂಕ್ತಿಯಲ್ಲಿ ಒಬ್ಬರಿಗೆ ತುಪ್ಪ ಬಡಿಸಿ ಇನ್ನೊಬ್ಬರಿಗೆ ಬಡಿಸದಿರುವುದು ಪಾಪವೆಂದು ಹೇಳುವ ಜನವೇ ದೇವರ ಪಂಕ್ತಿಯಲ್ಲಿ ಭೇದವನ್ನು ಸಹಿಸಿಕೊಂಡಿದೆ. ಆದರೂ ಅಲ್ಲಿ ತಲೆಗೊಂದು ಚೀಟಿ. ಒಬ್ಬನ ಚೀಟಿಗೆ ಎಂಟು ತಲೆಗಳನ್ನು ಕಟ್ಟುವ ಔದಾರ್ಯವನ್ನು ವೆಂಕಟೇಶನ ದ್ವಾರಪಾಲಕರೂ ಒಪ್ಪುವುದಿಲ್ಲ.

ಉಳಿದುದು ವೃದ್ಧೆಯಾದ ತಾಯಿಯ ಮಾತು. ಈ ವಾದದಲ್ಲಿ ಹುರುಳಿರುವುದು ಇದೊಂದರಲ್ಲಿಯೇ. ಆದುದರಿಂದಲೇ ಎಲ್ಲರೂ ಇದನ್ನು ಮುಂದೆಮಾಡಿ ಉಳಿದ ಏಳು ಮಂದಿಯನ್ನು ಹಿಂದಿನಿಂದ ನುಗ್ಗಿಸುತ್ತಾರೆ. ನಿಲ್ಲಲಾರದವರಿಗೆ ಗಾಲಿಕುರ್ಚಿಯ ಸಹಾಯವನ್ನು ಹಡಗಿನ ಕಂಪೆನಿಗಳು ಪದವಿಯನ್ನು ಕೇಳದೆಯೇ ಕೊಡುತ್ತವೆ; ಮುಂಚಿತವಾಗಿ ತಿಳಿಸಿದ್ದರೆ ನೌಕರನೇ ತಳ್ಳಿಕೊಂಡು ಹೋಗುವನು. ಅದು ದೌರ್ಬಲ್ಯಕ್ಕೆ ಸಲ್ಲತಕ್ಕ ಅಗ್ರಪ್ರವೇಶ. ಅದನ್ನು ಕಂಡು ಸಾಲಿನಲ್ಲಿ ನಿಂತ ಯಾರೂ ಮುಖ ಸಿಂಡರಿಸುವುದಿಲ್ಲ. ಕಟ್ಟೆಗೆ ಬರತಕ್ಕ ವೇಳೆಯನ್ನು ಯಾತ್ರಿಕರು ಮೊದಲೇ ಆರಿಸಿಕೊಳ್ಳುವ ಏರ್ಪಾಡೂ ಈಗ ಬಹುಮಟ್ಟಿಗೆ ರೂಢಿಯಲ್ಲಿರುವುದು. ಮಗನು ಆ ದಿನ ತನ್ನ ಒಂದೇ ಕೊಠಡಿಗಲ್ಲದೆ ನಾಲ್ಕು ಕೊಠಡಿಗಳವರಿಗೂ ಒಂದೇ ವೇಳೆಯನ್ನು ಗುರುತು ಹಾಕಿಸಿ, ಡೈಮಂಡ್ ಚೀಟಿಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು, ಬೀಗರ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅವರ ಸಾಲಿನಲ್ಲಿ ನಿಂತರೆ, ತಾಯಿಗೆ ನೆರಳೂ ಸಿಕ್ಕುವುದು, ಬೀಗರಿಗೆ ಮಾತನಾಡಲು ಒಬ್ಬನೂ ಸಿಕ್ಕುವನು.